33ನೇ ಓಣಿಯ ಮನೆಯಲ್ಲಿ ಎರಡು ರಾತ್ರಿ

ಕೊಲಂಬೊದ ಗಾಲ್ ರಸ್ತೆಯ ಅಬ್ಬರ ಬಿಟ್ಟು ಬಾಗಟೆಲ್ ರಸ್ತೆಗೆ ಹೊರಳಿದರೆ ಅರ್ಧ ಸದ್ದು ತಿರುವಿನಲ್ಲೇ ಉಳಿಯುತ್ತದೆ. ಅಲ್ಲಿಂದ 33ನೇ ಓಣಿಗೆ ಇಳಿದರೆ ಉಳಿದರ್ಧವೂ ಹಿಂದೆ ಬೀಳುತ್ತದೆ. ಕಾಂಪೌಂಡಿನಾಚೆಯಿಂದ ಬಾಗಿದ ಮಾವಿನ ಕೊಂಬೆ, ದಾರಿಗೆ ಉದುರಿದ ದೇವಕಣಗಿಲೆ, ಯಾರದೋ ಅಡುಗೆಮನೆಯ ಕರಿಬೇವಿನ ಒಗ್ಗರಣೆ. ಏಪ್ರಿಲ್ ಮೊದಲ ವಾರ. ಸಿಂಹಳ-ತಮಿಳು ಹೊಸವರ್ಷಕ್ಕೆ ಇನ್ನು ಹತ್ತು ದಿನವಿತ್ತು. ಕೋಗಿಲೆಗೆ ಅಲ್ಲಿ ಕೊಹಾ ಅನ್ನುತ್ತಾರೆ. ಅದು ಕೂಗತೊಡಗಿದರೆ ಹಬ್ಬ ಹತ್ತಿರ ಬಂತು ಎಂದು ಲೆಕ್ಕ, ನಮ್ಮಲ್ಲಿ ಯುಗಾದಿಗೆ ಹೇಗೋ ಹಾಗೆ. ಓಣಿಯ ಒಂದು ಬಿಳಿ ಗೋಡೆಯ ಮುಂದೆ ಆಟೊ ನಿಂತಿತು. ಇಲ್ಲೊಂದು ತಂಗುವ ಜಾಗವಿದೆ ಎಂದು ಕೂಗಿ ಹೇಳುವಂಥದ್ದು ಆ ಗೋಡೆಯ ಮೇಲೆ ಏನೂ ಇರಲಿಲ್ಲ.

ಬಾಗಿಲು ತೆರೆದಾಗ ಮೊದಲು ಕಂಡದ್ದು ಕಾರು. 1934ರ ರೋಲ್ಸ್ ರಾಯ್ಸ್, ಮನೆಯೊಳಗೇ ನಿಂತಿದೆ. ಈ ಮನೆಯಲ್ಲಿದ್ದ ಯಜಮಾನರು ಇಂಗ್ಲೆಂಡಿನಲ್ಲಿ ಓದುವ ಕಾಲದ ಪ್ರೀತಿ ಅದು. ಕಾರನ್ನು ದಾಟಿದರೆ ಒಂದು ಉದ್ದನೆಯ ಬಿಳಿ ಓಣಿ, ಅಂದರೆ ಓಣಿಯೊಳಗೆ ಇನ್ನೊಂದು ಓಣಿ. ನೆಲ ಬಿಳಿ, ಗೋಡೆ ಬಿಳಿ, ಮೇಲೆ ನೆರಳು. ನಡೆಯುವವರ ಎಡಬಲದಲ್ಲಿ ಅಲ್ಲಲ್ಲಿ ಆಕಾಶ ಒಳಗೆ ಇಳಿದು ಒಂದು ಗಿಡಕ್ಕೋ ಒಂದು ಕಲ್ಲಿಗೋ ತಾಗಿ ನಿಂತಿರುತ್ತದೆ. ಓಣಿಯ ತುದಿಯಲ್ಲಿ ಪುಟ್ಟ ನೀರಿನ ಕೊಳ, ಅದರ ಅಂಚಿಗೆ ಚೆಟ್ಟಿನಾಡಿನ ಹಳೆಯ ಕಂಬಗಳು, ಅವುಗಳ ಮೇಲೆ ಸೀದಾ ಬೀಳುವ ಬೆಳಕು. ಕಾಲು ತಾನಾಗಿಯೇ ನಿಧಾನವಾಯಿತು. ಸುತ್ತ ಕತ್ತಲಿರುವುದರಿಂದಲೇ ಆ ಬೆಳಕಿಗೆ ಅಷ್ಟು ಬೆಲೆ ಎಂಬುದು ತಿಳಿಯುವ ಹೊತ್ತಿಗೆ ನಾನು ಅದರ ಎದುರಿಗೇ ನಿಂತಿದ್ದೆ.

ಈ ಮನೆಯ ಹೆಸರು ನಂಬರ್ 11. ಕಟ್ಟಿದವರು ಜೆಫ್ರಿ ಬಾವಾ, ವಾಸವಿದ್ದವರೂ ಅವರೇ. ಶ್ರೀಲಂಕಾದ ಈ ವಾಸ್ತುಶಿಲ್ಪಿ ಹುಟ್ಟಿದ್ದು 1919ರಲ್ಲಿ. ಕೇಂಬ್ರಿಜ್‌ನಲ್ಲಿ ಸಾಹಿತ್ಯ ಓದಿ, ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ, ಆ ಕಸುಬು ಒಗ್ಗದೆ ದೇಶ ತಿರುಗಿ, ಇಟಲಿಯಲ್ಲೇ ನೆಲೆಸುವ ಆಸೆ ಹೊತ್ತು, ಅದೂ ಕೈಗೂಡದೆ ಊರಿಗೆ ಮರಳಿದವರು. 1948ರಲ್ಲಿ ಬೆಂಟೋಟದ ಬಳಿ ಲುನುಗಂಗ ಎಂಬ ರಬ್ಬರ್ ತೋಟ ಕೊಂಡರು. ಅದನ್ನು ತಮ್ಮ ಮನಸ್ಸಿನ ಉದ್ಯಾನವಾಗಿ ತಿದ್ದಲು ಹೊರಟಾಗ ಕೈಗೆ ವಿದ್ಯೆ ಸಾಲದೆಂದು ತೋರಿ, ಮತ್ತೆ ಲಂಡನ್ನಿಗೆ ಹೋಗಿ ವಾಸ್ತುಶಿಲ್ಪ ಕಲಿತರು. ಪದವಿ ಕೈಸೇರಿದ್ದು 1957ರಲ್ಲಿ, 38ನೇ ವಯಸ್ಸಿನಲ್ಲಿ. ಬೆಂಟೋಟದ ಕಡಲತೀರದ ಹೋಟೆಲು, ಕೋಟ್ಟೆಯಲ್ಲಿ ನೀರಿನ ನಡುವೆ 1982ರಲ್ಲಿ ಎದ್ದ ಪಾರ್ಲಿಮೆಂಟು, ಬಂಡೆಗೆ ಒರಗಿ ಬಳ್ಳಿಯಲ್ಲಿ ಮರೆಯಾದ ಕಂಡಲಮ ಹೋಟೆಲು, ನಮ್ಮ ಪಕ್ಕದ ಮದುರೈ ಕ್ಲಬ್ಬು, ಎಲ್ಲವೂ ಆಮೇಲಿನವು. 2001ರಲ್ಲಿ ಆಗಾ ಖಾನ್ ಪ್ರಶಸ್ತಿಯ ಅಧ್ಯಕ್ಷರ ವಿಶೇಷ ಗೌರವ ಸಂದಿತು. 2003ರಲ್ಲಿ ತೀರಿಕೊಂಡರು. ಈಗ ಅವರ ಹೆಸರಿನ ಟ್ರಸ್ಟು ಮನೆಯನ್ನು ನೋಡಿಕೊಳ್ಳುತ್ತದೆ, ಮೇಲಿನ ಭಾಗವನ್ನು ಅತಿಥಿಗಳಿಗೆ ಕೊಡುತ್ತದೆ.

ಮನೆಯ ಹುಟ್ಟನ್ನು ಮಾತ್ರ ನಿಧಾನವಾಗಿ ಹೇಳಬೇಕು. 1958ರಲ್ಲಿ ಇಲ್ಲಿ ನಾಲ್ಕು ಸಣ್ಣ ಬಂಗಲೆಗಳು ಒಂದೇ ಸಾಲಿನಲ್ಲಿದ್ದವು. ಬಾವಾ ಕೊಂಡದ್ದು ಮೂರನೆಯದನ್ನು. ಒಂದು ಕೂರುವ ಕೋಣೆ, ಒಂದು ಮಲಗುವ ಕೋಣೆ, ಪುಟ್ಟ ಅಡುಗೆಮನೆ, ಆಳಿಗೊಂದು ಜಾಗ, ಅಷ್ಟೇ. ನಾಲ್ಕನೆಯದು ಖಾಲಿಯಾದಾಗ ಅದನ್ನೂ ತೆಗೆದುಕೊಂಡು ಊಟದ ಮನೆ ಮಾಡಿಕೊಂಡರು. ಆಮೇಲೆ ಉಳಿದೆರಡು. ಹತ್ತು ವರ್ಷದಲ್ಲಿ ಸಾಲೆಲ್ಲ ಅವರದಾಯಿತು. ರಸ್ತೆಗೆ ಹತ್ತಿರದ ಬಂಗಲೆಯ ಜಾಗದಲ್ಲಿ ಒಂದು ಬಿಳಿ ಗೋಪುರ ಎದ್ದಿತು. ಹಳೆಯ ಗೋಡೆಗಳು ಎಲ್ಲಿ ಒಡೆದವು, ಎಲ್ಲಿ ಉಳಿದವು ಎಂದು ಹುಡುಕುತ್ತ ನಾನು ಒಂದು ಮಧ್ಯಾಹ್ನವನ್ನೇ ಕಳೆದೆ, ಸಿಗಲಿಲ್ಲ. ಹೆಂಚು ತೆಗೆದ ಕಡೆ ಅಂಗಳವಾಗಿದೆ, ಅಂಗಳ ಮುಚ್ಚಿದ ಕಡೆ ಪಡಸಾಲೆಯಾಗಿದೆ. ನಮ್ಮ ಮಲೆನಾಡಿನ ಮನೆಗಳೂ ಹೀಗೇ ಬೆಳೆದವಲ್ಲವೇ. ಮಗನ ಮದುವೆಗೊಂದು ಕೋಣೆ, ಅಡಿಕೆ ಬೆಲೆ ಏರಿದ ವರ್ಷ ಒಂದು ಉಪ್ಪರಿಗೆ, ಬಾಣಂತನಕ್ಕೆಂದು ಹಿಂದೊಂದು ಚಾವಡಿ. ಒಟ್ಟು ನಕ್ಷೆ ಯಾರ ಬಳಿಯೂ ಇರಲಿಲ್ಲ, ಮನೆಗೆ ಮಾತ್ರ ತನ್ನ ನಡುವೆಲ್ಲಿದೆ ಎಂದು ಗೊತ್ತಿತ್ತು. ಬಾವಾ ಅವರಲ್ಲಿ ವಿಶೇಷವೆಂದರೆ, ಆ ಸಹಜ ಬೆಳವಣಿಗೆಗೆ ಪಳಗಿದ ಕಣ್ಣೊಂದು ದಶಕಗಳ ಕಾಲ ಜೊತೆಗಿತ್ತು.

ತೀರ್ಥಹಳ್ಳಿಯ ಕಡೆಯ ನನ್ನಜ್ಜಿಯ ಮನೆಯಲ್ಲೂ ತೊಟ್ಟಿಯಿತ್ತು. ನಾಲ್ಕೂ ಕಡೆಯ ಮಾಡು ಒಳಕ್ಕೆ ಇಳಿದು, ನಡುವೆ ಚೌಕಾಕಾರದ ಆಕಾಶ. ಮನೆಯ ಎಲ್ಲ ಮಾತು ಅದರ ಸುತ್ತಲೇ ನಡೆಯುತ್ತಿತ್ತು. ನಂಬರ್ 11ರಲ್ಲಿ ಆ ಒಂದು ತೊಟ್ಟಿ ಹತ್ತಾರು ಚೂರುಗಳಾಗಿ ಮನೆಯಿಡೀ ಹರಡಿಕೊಂಡಿದೆ. ಒಂದು ಚೂರು ಸ್ನಾನದ ಮನೆಯ ಪಕ್ಕ, ಒಂದು ಮಂಚದ ತಲೆದೆಸೆಯ ಕಿಟಕಿಯಾಚೆ, ಇನ್ನೊಂದು ಊಟದ ಮೇಜಿನ ಬೆನ್ನಿಗೆ. ಕೆಲವಂತೂ ಒಬ್ಬರು ನಿಲ್ಲುವಷ್ಟೂ ಇಲ್ಲ, ಬರಿಯ ಗವಾಕ್ಷಿ. ಆದರೂ ಎಲ್ಲಿ ಕೂತರೂ ಎಲ್ಲೋ ಒಂದು ಕಡೆ ಹಸಿರು ಕಾಣುತ್ತದೆ, ಅದರಾಚೆ ಇನ್ನೊಂದು ಕೋಣೆ, ಅದರಾಚೆ ಮತ್ತೆ ಬೆಳಕು. ನಗರದ ನಡುವಿನ ಚಿಕ್ಕ ನಿವೇಶನ ಇದು ಎಂಬುದನ್ನು ಕಣ್ಣು ಒಪ್ಪುವುದೇ ಇಲ್ಲ.

ಒಳಗಿನ ಸಾಮಾನುಗಳ ಬಗ್ಗೆ ಹೇಳಹೊರಟರೆ ಪಟ್ಟಿಯಾದೀತು. ಒಂದನ್ನು ಹೇಳುತ್ತೇನೆ. ಊಟದ ಕೋಣೆಯಲ್ಲಿ ಸಾರಿನೆನ್ ವಿನ್ಯಾಸದ ಬಿಳಿ ಕುರ್ಚಿಗಳಿವೆ, ಹೂವಿನ ತೊಟ್ಟಿನಂತೆ ಒಂದೇ ಕಾಲಿನವು, ಇಪ್ಪತ್ತನೇ ಶತಮಾನದ ನಡುವಿನ ಅಮೆರಿಕದ ಕೂಸು. ಅವು ಇರುವುದು ಚೆಟ್ಟಿನಾಡಿನ ಯಾವುದೋ ಸಾಹುಕಾರರ ಮನೆ ಬಿಚ್ಚಿದಾಗ ಬಂದ ಕಂಬಗಳಿರುವ ಮನೆಯಲ್ಲಿ. ಆ ಚೆಟ್ಟಿಯಾರರು ಬರ್ಮಾ, ಸಿಲೋನುಗಳಲ್ಲಿ ಲೇವಾದೇವಿ ಮಾಡಿ, ಬರ್ಮಾ ತೇಗ ತಂದು ಊರಲ್ಲಿ ಅರಮನೆಗಳನ್ನೇ ಕಟ್ಟಿದವರು. ವ್ಯಾಪಾರ ಮುಗಿದ ಮೇಲೆ ಆ ಮನೆಗಳ ಬಾಗಿಲು, ಕಂಬಗಳು ಹಳೆ ಸಾಮಾನಿನ ಅಂಗಡಿಗಳಿಗೆ ಬಂದವು. ಹೀಗೆ ಬಂದ ಕಂಬಗಳನ್ನು ನಾನು ಅನೇಕ ದುಬಾರಿ ಹೋಟೆಲುಗಳಲ್ಲಿ ನೋಡಿದ್ದೇನೆ. ಲಾಬಿಯ ಮೂಲೆಯಲ್ಲಿ, ಸ್ಪಾಟ್‌ಲೈಟ್ ಕೆಳಗೆ, ಸುತ್ತಲೂ ಹಗ್ಗ ಕಟ್ಟಿಸಿಕೊಂಡು, ಏನನ್ನೂ ಹೊರದೆ ನಿಂತಿರುತ್ತವೆ. ನೋಡಿದಾಗೆಲ್ಲ ಮನಸ್ಸಿಗೆ ಕಸಿವಿಸಿ. ಇಲ್ಲಿನ ಕಂಬಕ್ಕೆ ಮಳೆ ತಾಗುತ್ತದೆ, ನೀರಿನಲ್ಲಿ ಅದರ ನೆರಳು ಅಲುಗಾಡುತ್ತದೆ, ಅಳಿಲು ಅದರ ಮೇಲೆ ಓಡುತ್ತದೆ. ಅದಕ್ಕೆ ಮತ್ತೊಂದು ಮನೆ ಸಿಕ್ಕಿದೆ.

ಅತಿಥಿಗಳ ಪಾಲಿನದು ಮೇಲಿನ ಮಹಡಿ. ಎರಡು ಮಲಗುವ ಕೋಣೆ, ಒಂದು ಕೂರುವ ಜಾಗ, ಅದರ ಮೇಲೆ ತಾರಸಿ. ಇಷ್ಟು ಜಾಗ ಒಂದೇ ಗುಂಪಿಗೆ, ಹಾಗಾಗಿ ಆ ರಾತ್ರಿಗಳಲ್ಲಿ ಮನೆಯಲ್ಲಿದ್ದ ಹೊರಗಿನವರು ನಾವಿಬ್ಬರೇ. ಕೆಳಗೆ ಅಷ್ಟು ನೆರಳಿನಲ್ಲಿ ಅಡ್ಡಾಡಿ ಬಂದವರಿಗೆ ಮೆಟ್ಟಿಲು ಏರುತ್ತ ಏರುತ್ತ ಬೆಳಕು ಹೆಚ್ಚುತ್ತ ಹೋಗುವುದು ಮೈಗೇ ತಿಳಿಯುತ್ತದೆ. ತಾರಸಿಗೆ ಬಂದರೆ ಪೂರ್ತಿ ಆಕಾಶ. ಗೋಪುರ ಕಟ್ಟಿದಾಗ ಅಕ್ಕಪಕ್ಕದ ಹೆಂಚಿನ ಮಾಡುಗಳ ಮೇಲಿಂದ ಸಮುದ್ರ ಕಾಣುತ್ತಿತ್ತು. ಈಗ ಪಶ್ಚಿಮಕ್ಕೆ ಎತ್ತರದ ಕಟ್ಟಡಗಳು ಎದ್ದಿವೆ. ಆದರೆ ಗಾಳಿ ಕಡಲಿನದೇ, ಸಂಜೆ ಐದರ ಹೊತ್ತಿಗೆ ತುಟಿಗೆ ಉಪ್ಪು ತಾಗಿತು. ದಡದ ಉದ್ದಕ್ಕೂ ಹೋಗುವ ರೈಲಿನ ಕೂಗು ಕೂಡ ಅದೇ ಗಾಳಿಯಲ್ಲಿ ಬಂತು.

ಮೊದಲ ದಿನವೇ ಮಳೆ ಬಂತು, ಅದು ನಮ್ಮ ಪುಣ್ಯ. ಏಪ್ರಿಲ್‌ನಲ್ಲಿ ಅಲ್ಲಿ ಹಗಲಿಡೀ ಬೆವರು, ಸಂಜೆಗೆ ಗುಡುಗು. ನಾಲ್ಕೂವರೆಗೆ ಬೆಳಕು ತಾಮ್ರದ ಬಣ್ಣಕ್ಕೆ ತಿರುಗಿತು. ನಾನು ಕೆಳಗೆ ಕೊಳದ ಬಳಿ ಬಂದು ಕೂತೆ. ಮೊದಲ ಹನಿ ನೀರಿಗೆ ಬಿದ್ದ ಸದ್ದು ಓಣಿಯ ಆ ತುದಿಯವರೆಗೂ ಕೇಳಿತು. ಆಮೇಲೆ ಒಂದೊಂದು ಅಂಗಳವೂ ತನ್ನ ತನ್ನ ದನಿ ತೆಗೆಯಿತು. ಕೊಳದಲ್ಲಿ ಒಂದು ಬಗೆ, ಅಗಲ ಎಲೆಯ ಗಿಡವಿದ್ದ ಕಡೆ ಇನ್ನೊಂದು ಬಗೆ, ಬೆಣಚುಕಲ್ಲು ಹಾಸಿದ ಕಡೆ ಮತ್ತೊಂದು, ಹೆಂಚಿನ ಅಂಚಿನಿಂದ ಹಗ್ಗದಂತೆ ಇಳಿದು ನೆಲ ತಾಗಿದ ಕಡೆ ಬೇರೆಯೇ. ಮನೆಯ ನಡುವೆ ಕೂತಿದ್ದೇನೆ, ಸುತ್ತ ಏಳೆಂಟು ಕಡೆ ಮಳೆ ಸುರಿಯುತ್ತಿದೆ, ನನ್ನ ಮೈಮೇಲೆ ಒಂದು ಹನಿಯಿಲ್ಲ. ಎರಚಲು ಮಾತ್ರ ಆಗಾಗ ಮೊಣಕೈಗೆ ತಾಗುತ್ತಿತ್ತು, ಅಷ್ಟು ಬೇಕು ಕೂಡ. ಮಿಂಚು ಹೊಡೆದಾಗ ಬಿಳಿ ಗೋಡೆಗಳೆಲ್ಲ ಒಮ್ಮೆಗೇ ಹತ್ತಿಕೊಂಡು ಆರಿದವು, ಆ ಕ್ಷಣ ಮನೆಯ ಆಳವೆಲ್ಲ ಕೊನೆಯ ಕೋಣೆಯವರೆಗೂ ಕಂಡಿತು. ಅಜ್ಜಿಯ ಮನೆಯಲ್ಲಿ ಮಳೆ ಬಂದಾಗ ತೊಟ್ಟಿಯ ನಾಲ್ಕು ಮೂಲೆಗೆ ನಾಲ್ಕು ಕೊಡಪಾನ ಇಡುತ್ತಿದ್ದೆವು. ತಾಮ್ರದ್ದಕ್ಕೆ ಒಂದು ನಾದ, ಹಿತ್ತಾಳೆಯದಕ್ಕೆ ಒಂದು. ತುಂಬುತ್ತ ಬಂದಂತೆ ಶ್ರುತಿ ಏರುತ್ತಿತ್ತು. ಐವತ್ತು ವರ್ಷದಿಂದ ಕೇಳದಿದ್ದ ಆ ಸದ್ದನ್ನು ಕೊಲಂಬೊದ ಒಂದು ಆಧುನಿಕ ಮನೆಯಲ್ಲಿ ಕೂತು ಮತ್ತೆ ಕೇಳಿದೆ. ಮಳೆ ನಿಂತು ಎಷ್ಟೋ ಹೊತ್ತಿನವರೆಗೆ ಹೆಂಚು ತೊಟ್ಟಿಕ್ಕುತ್ತಿತ್ತು. ಮನೆ ನೋಡಿಕೊಳ್ಳುವವರು ಬಂದು ಒಂದು ದೀಪ ಹಚ್ಚಿದರು, ಒಂದೇ ಒಂದು, ನನ್ನನ್ನು ಏನೂ ಕೇಳದೆ ಹೋದರು. ಐದು ನಿಮಿಷದ ಮೇಲೆ ಚಹಾ ಬಂತು.

ಅವರ ಆ ನಡೆ ನೆನೆಯುವಂಥದ್ದು. ಕೊಲಂಬೊಗೆ ಬರುವ ಮುನ್ನ ಬೇರೊಂದು ಊರಿನ ದೊಡ್ಡ ಹೋಟೆಲಿನಲ್ಲಿ ತಂಗಿದ್ದೆವು. ಅಲ್ಲಿ ಕಿಟಕಿ ತೆರೆಯುತ್ತಿರಲಿಲ್ಲ, ಎಲ್ಲ ಚೆನ್ನಾಗಿದೆಯೇ ಎಂದು ದಿನಕ್ಕೆ ಆರು ಸಲ ಫೋನು ಬರುತ್ತಿತ್ತು. ಇಲ್ಲಿ ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಬೀಳಲಿಲ್ಲ. ಹಾಸಿಗೆಯ ಹೊದಿಕೆ ಗರಿಗರಿಯಾದ ಹತ್ತಿ, ಓದುವ ದೀಪ ಪುಸ್ತಕದ ಮೇಲೆ ಬೀಳುವಷ್ಟು ಎತ್ತರದಲ್ಲಿ, ಕೈ ಚಾಚಿದರೆ ಸಿಗುವಲ್ಲಿ ನೀರು. ಟೀವಿ ಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ.

ಇಂಥ ಸಣ್ಣ ತಂಗುದಾಣಗಳಿಗೆ ಈಗ ಬೂಟೀಕ್ ಹೋಟೆಲು ಎನ್ನುತ್ತಾರೆ. ಆ ಮಾತು ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. 1984ರಲ್ಲಿ ಇಯಾನ್ ಶ್ರೇಗರ್ ಜೊತೆ ಮಾರ್ಗನ್ಸ್ ಹೋಟೆಲು ತೆರೆದ ಸ್ಟೀವ್ ರುಬೆಲ್, ಉಳಿದವರದು ಎಲ್ಲ ಸಿಗುವ ದೊಡ್ಡ ಮಳಿಗೆ, ನಮ್ಮದು ಆಯ್ದು ಇಟ್ಟ ಸಣ್ಣ ಅಂಗಡಿ ಎಂಬರ್ಥದಲ್ಲಿ ಆ ಪದ ಬಳಸಿದರು. ಅದಕ್ಕೂ ಮುಂಚೆ, 1978ರಲ್ಲೇ, ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನ ಮನೆಸಾಲಿನಲ್ಲಿ ಆನೂಷ್ಕಾ ಹೆಂಪಲ್ ಬ್ಲೇಕ್ಸ್ ಹೋಟೆಲು ತೆರೆದಿದ್ದರು. ಈಗಂತೂ ಹತ್ತು ಕೋಣೆಗೆ ಬೂದು ಬಣ್ಣ ಬಳಿದು ಒಂದು ಹಿತ್ತಾಳೆ ಉರುಳಿಯಲ್ಲಿ ಹೂ ತೇಲಿಬಿಟ್ಟ ಎಲ್ಲದಕ್ಕೂ ಆ ಹೆಸರು ಬಂದಿದೆ. ನನ್ನ ಮಟ್ಟಿಗೆ ಆ ಹೆಸರಿಗೆ ತಕ್ಕುದು, ಒಬ್ಬರ ರುಚಿ ಒಂದು ಜಾಗದಲ್ಲಿ ಬಹಳ ವರ್ಷ ನಿಂತು ಪಕ್ವವಾದ ಇಂಥ ಕಡೆ ಮಾತ್ರ. ಹಣ ಕೊಟ್ಟರೆ ಸಾಮಾನು ಬರುತ್ತದೆ, ನಲವತ್ತು ವರ್ಷದ ವಾಸ ಬರುವುದಿಲ್ಲ.

ಬೆಳಿಗ್ಗೆ ಎಚ್ಚರಿಸಿದ್ದು ಬೀಥೋವನ್. ಕನಸಲ್ಲ, ಬ್ರೆಡ್ಡಿನ ಗಾಡಿ. ಶ್ರೀಲಂಕಾದ ವಠಾರಗಳಲ್ಲಿ ಬ್ರೆಡ್ಡು, ಬನ್ನು ಮಾರುವ ಆಟೊಗಳು ಎಲೆಕ್ಟ್ರಾನಿಕ್ ಪೀಪಿಯಲ್ಲಿ ಫ್ಯೂರ್ ಎಲೀಸ್ ನುಡಿಸುತ್ತ ಬರುತ್ತವೆ. ಅವಕ್ಕೆ ಚೂನ್ ಪಾನ್ ಎಂದು ಹೆಸರು, ರಾಗದ ರೊಟ್ಟಿ ಎನ್ನಬಹುದು. ಪೋರ್ಚುಗೀಸರು ಬಿಟ್ಟುಹೋದ ಪಾನ್ ಅದು, ನಮ್ಮ ಕಡಲಿನ ಈಚೆ ಪಾವ್ ಆಗಿದೆ. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದ ಸದ್ದು, ಚಿಲ್ಲರೆ ಎಣಿಸುವ ಮಾತು, ಒಂದು ಮಗುವಿನ ಹಟ. ಗಾಡಿ ಮುಂದಿನ ತಿರುವಿಗೆ ಹೋಗಿ ರಾಗ ಸಣ್ಣಗಾಯಿತು. ಇಂಥ ಸದ್ದು ಕೇಳಲಿಕ್ಕಾದರೂ ವಸತಿ ಬಡಾವಣೆಯಲ್ಲೇ ತಂಗಬೇಕು. ಕಡಲಿಗೆ ಮುಖ ಮಾಡಿದ ಇಪ್ಪತ್ತನೇ ಅಂತಸ್ತಿನಲ್ಲಿ ಅಲೆಯ ಸದ್ದೂ ಮೇಲೆ ಬರುವುದಿಲ್ಲ, ಊರಿನದು ಹೇಗೆ ಬಂದೀತು.

ತಿಂಡಿಗೆ ಇಂದಿ ಆಪ್ಪ ಹೇಳಿದ್ದೆವು. ಅದು ನಮ್ಮ ಒತ್ತುಶ್ಯಾವಿಗೆಯೇ. ಅವರದು ಅಂಗೈಯಗಲದ ತೆಳು ಬಿಲ್ಲೆ, ಕೆಂಪಕ್ಕಿ ಹಿಟ್ಟಿನದು, ಎತ್ತಿದರೆ ಕಸೂತಿಯಂತೆ ಬೆಳಕು ಬಿಡುತ್ತದೆ. ಜೊತೆಗೆ ಅರಿಸಿನ ಹಾಕಿದ ತೆಳುವಾದ ಕಾಯಿಹಾಲಿನ ಸಾರು, ಕಿರಿ ಹೊದಿ. ಪೊಲ್ ಸಂಬೋಲ ಎಂದರೆ ತೆಂಗಿನತುರಿಗೆ ಒಣಮೆಣಸು, ಈರುಳ್ಳಿ ಜಜ್ಜಿ ನಿಂಬೆ ಹಿಂಡಿದ್ದು. ಒಣಮೀನು ಸೇರಿಸುವುದು ವಾಡಿಕೆ, ನಮಗಾಗಿ ಬಿಟ್ಟಿದ್ದರು. ಕೊನೆಗೆ ಮಣ್ಣಿನ ಕುಡಿಕೆಯಲ್ಲಿ ಎಮ್ಮೆ ಮೊಸರು, ಅದರ ಮೇಲೆ ಕಿತುಲ್ ಪಾನಿ. ಕಿತುಲ್ ಎಂದರೆ ನಮ್ಮ ಬೈನೆ ಮರ. ಪಶ್ಚಿಮಘಟ್ಟದ ತಪ್ಪಲಿನವರಿಗೆ ಬೈನೆ ಎಂದರೆ ಆನೆಗೆ ಸೊಪ್ಪು, ಇಲ್ಲವೇ ಹೆಂಡ. ಆ ಮರದ ಹೂಗೊಂಚಲಿನ ರಸವನ್ನು ಇಳಿಸಿ, ಕಾಯಿಸಿ, ಇವರು ಜೋನಿಬೆಲ್ಲದಂಥ ಪಾಕ ಮಾಡುತ್ತಾರೆ. ಸ್ವಲ್ಪ ಹೊಗೆ, ಸ್ವಲ್ಪ ಹುಳಿ, ಹಿಂದೆಲ್ಲೋ ಕಹಿಯ ಎಳೆ. ಗಟ್ಟಿ ಮೊಸರಿನ ಮೇಲೆ ಅದು ಕಂದು ದಾರವಾಗಿ ಇಳಿದು ನಿಲ್ಲುವುದನ್ನು ನೋಡಿಯೇ ಬಾಯಿಗೆ ಹಾಕಬೇಕು. ನಾನು ಎರಡು ಕುಡಿಕೆ ತಿಂದೆ.

ಹಗಲು ಸುತ್ತಮುತ್ತ ನಡೆದೆವು. ಬಾವಾ ಅವರ ಹಳೆಯ ಕಚೇರಿ ಕಾಲ್ನಡಿಗೆಯ ದೂರದಲ್ಲಿ, ಆಲ್ಫ್ರೆಡ್ ಹೌಸ್ ರಸ್ತೆಯಲ್ಲಿದೆ. 1998ರಿಂದ ಅದು ಗ್ಯಾಲರಿ ಕೆಫೆ. ಅಲ್ಲೂ ಒಂದರ ಹಿಂದೊಂದು ಅಂಗಳ, ನಡುವೆ ನೀರು. ಗಾಲ್ ರಸ್ತೆಗೆ ಬಂದರೆ ಬೇರ್‌ಫುಟ್ ಅಂಗಡಿ, ಬಾರ್ಬರಾ ಸನ್ಸೋನಿ ಕಟ್ಟಿದ್ದು. ಹಳ್ಳಿಯ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯ್ದ ಬಟ್ಟೆಗಳಲ್ಲಿ ಅರಿಸಿನ, ಕುಂಕುಮ, ನವಿಲು ನೀಲಿ ಒಂದರ ಪಕ್ಕ ಒಂದು ಉರಿಯುತ್ತವೆ. ಸನ್ಸೋನಿ, ಬಾಟಿಕ್ ಕಲಾವಿದೆ ಎನಾ ಡಿ ಸಿಲ್ವ, ಶಿಲ್ಪಿ ಲಕಿ ಸೇನಾನಾಯಕ ಎಲ್ಲ ಬಾವಾ ಜೊತೆಗೆ ದುಡಿದವರು. ಈ ಗೆಳೆತನಗಳಿಲ್ಲದೆ ಆ ಬಿಳಿ ಗೋಡೆಗಳು ಬರಿಯ ಗೋಡೆಗಳಾಗಿ ಉಳಿಯುತ್ತಿದ್ದವು ಎಂಬುದು ನನ್ನ ನಂಬಿಕೆ.

ಎರಡನೇ ರಾತ್ರಿ ನಿದ್ದೆ ಬರದೆ ಒಂದು ಗಂಟೆಗೆ ಎದ್ದು ತಾರಸಿಗೆ ಹೋದೆ. ಹೆಂಚುಗಳು ಹಸಿಯಾಗಿ ಹೊಳೆಯುತ್ತಿದ್ದವು. ಆಗ ಮನಸ್ಸಿಗೆ ಬಂದದ್ದು ಬೆಂಗಳೂರು. ನಮ್ಮ ಮಲ್ಲೇಶ್ವರ, ಬಸವನಗುಡಿಗಳು 1898ರ ಪ್ಲೇಗಿನ ಬೆನ್ನಿಗೆ, ಜನಕ್ಕೆ ಗಾಳಿ ಬೆಳಕು ಬೇಕೆಂದೇ ಬೆಳೆದ ಬಡಾವಣೆಗಳು. ಅಲ್ಲಿನ ಕೆಂಪು ನೆಲದ, ಮರದ ಜಾಲರಿಯ ಮನೆಗಳು ಒಂದೊಂದಾಗಿ ಬೀಳುವುದನ್ನು, ಆ ಜಾಗದಲ್ಲಿ ಗಡಿಯಿಂದ ಗಡಿಗೆ ಗಾಜಿನ ಪೆಟ್ಟಿಗೆ ಏಳುವುದನ್ನು ನೋಡುತ್ತಿದ್ದೇವೆ. ಸಣ್ಣ ಜಾಗದಲ್ಲಿ ಅಂಗಳ ಬಿಡಲಾಗುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಮನೆ ಕಟ್ಟಿಸುವಾಗ ಅದನ್ನು ನಂಬಿದ್ದೆ. ನಾಲ್ಕು ಪುಟ್ಟ ಬಂಗಲೆಗಳ ಈ ಸಾಲು ಆ ಮಾತಿಗೆ ಅರವತ್ತು ವರ್ಷದಿಂದ ಉತ್ತರ ಕೊಡುತ್ತ ನಿಂತಿದೆ. ಮೂರಡಿ ಅಗಲದ ಆಕಾಶ ಸಾಕು, ಅದರ ಕೆಳಗೆ ಏನಿರಬೇಕು, ಅದನ್ನು ಎಲ್ಲಿ ಕೂತು ನೋಡಬೇಕು ಎಂದು ತಿಳಿದಿದ್ದರೆ. ಮನೆ ಕಟ್ಟುವ ಹಂಚಿಕೆಯಲ್ಲಿರುವ ಗೆಳೆಯರಿಗೆಲ್ಲ ಈಗ ಇದನ್ನೇ ಹೇಳುತ್ತಿದ್ದೇನೆ: ಮಾರ್ಬಲ್ಲಿಗೆ ಇಟ್ಟ ಹಣದಲ್ಲಿ ಒಂದು ಪಾಲು ತೆಗೆದು ಒಂದು ಗವಾಕ್ಷಿಗೆ ಕೊಡಿ.

ಹೊರಡುವ ಬೆಳಿಗ್ಗೆ ಮತ್ತೊಮ್ಮೆ ಆ ಬಿಳಿ ಓಣಿಯಲ್ಲಿ ನಡೆದೆ, ಈ ಸಲ ಕೊಳದ ಕಡೆಯಿಂದ ಬಾಗಿಲ ಕಡೆಗೆ. ಬೆಳಕು ಬೆನ್ನಿಗಿತ್ತು, ನನ್ನ ನೆರಳು ಮುಂದೆ ಮುಂದೆ ಹೋಗಿ ರೋಲ್ಸ್ ರಾಯ್ಸಿನ ಹತ್ತಿರ ಕತ್ತಲೊಂದಿಗೆ ಸೇರಿತು. ಹೊರಗೆ ಆಟೊ ಕಾಯುತ್ತಿತ್ತು. ಕೋಗಿಲೆ ಕೂಗುತ್ತಲೇ ಇತ್ತು.

ಹೋಗುವ ಮನಸ್ಸಾದರೆ ಬಹಳ ಮುಂಚಿತವಾಗಿ ಟ್ರಸ್ಟಿಗೆ ಬರೆದು ಕಾಯ್ದಿರಿಸಿಕೊಳ್ಳಿ, ಇರುವುದು ಒಂದೇ ಮಹಡಿ. ತಂಗಲಾಗದವರು ಹೊತ್ತು ಗೊತ್ತುಮಾಡಿಕೊಂಡು ಮನೆಯನ್ನು ನೋಡಿ ಬರಬಹುದು. ಸಂಜೆಯ ಗುಡುಗುಮಳೆ ಸಿಗಬೇಕೆಂದರೆ ಏಪ್ರಿಲ್ ಇಲ್ಲವೇ ಅಕ್ಟೋಬರ್ ಆರಿಸಿಕೊಳ್ಳಿ. ಎರಡು ರಾತ್ರಿಯಾದರೂ ಇರಿ, ಮೊದಲನೆಯದು ಕಣ್ಣು ಪಳಗಲಿಕ್ಕೇ ಬೇಕಾಗುತ್ತದೆ.